ತಗಡು ಬೆವರುವ ಹೊತ್ತು

ಧನುರ್ಮಾಸ. ಶಿಡ್ಲಘಟ್ಟದ ಗಲ್ಲಿಯಲ್ಲಿ
ನಾಯಿಗಳಿನ್ನೂ ಬೂದಿಗುಂಡಿಯಲ್ಲಿ ಸುರುಳಿ ಸುತ್ತಿಕೊಂಡಿವೆ.
ಬಾಯ್ಲರಿನ ಬಾಯಿಗೆ ನಾನು
ಹುಣಸೆ ಸೌದೆ, ಕಡಲೆಕಾಯಿ ಹೊಟ್ಟು ಉಣಿಸುತ್ತೇನೆ.
ಸಾವಿರದಿನ್ನೂರು ಅಡಿಯಿಂದ ಎದ್ದು ಬಂದ ನೀರು
ಕೊಳವೆಯಲ್ಲೇ ಬೆಚ್ಚಗಿರುತ್ತದೆ,
ಯಾರೋ ಆಗಷ್ಟೇ ಎದ್ದುಹೋದ ಚಾಪೆಯ ಹಾಗೆ.

ಆರೂವರೆಗೆ ಖಾಸಿಂಬಿ ಬರುತ್ತಾಳೆ.
ಥರ್ಮಾಮೀಟರು ಗೋಡೆಯ ಮೊಳೆಯಲ್ಲಿ ತೂಗುತ್ತಿದೆ,
ರೇಷ್ಮೆ ಇಲಾಖೆಯವರು ಬಂದರೆ ತೋರಿಸಲಿಕ್ಕೆ.
ಅವಳು ತೋರುಬೆರಳು ಅದ್ದಿ
"ಇನ್ನೊಂದು ಚೂರು" ಅನ್ನುತ್ತಾಳೆ.
ನಾನು ವಾಲ್ವನ್ನು ಅರೆಸುತ್ತು ತಿರುಗಿಸುತ್ತೇನೆ.
"ಬಸ್."
ಹದಿನೇಳು ವರ್ಷದಿಂದ ಬೆಳಗಿನ ಹೊತ್ತು ನಮ್ಮ ಮಾತು ಇಷ್ಟೇ.

ಈ ಬೆಂಕಿಯ ಮುಂದೆ ಒಂದು ಕಲಿತೆ:
ಕುದಿ ಬಂದ ನೀರಿಗೆ ಎಷ್ಟೇ ಸೌದೆ ಸುರಿ,
ಅದು ಇನ್ನೊಂದು ಚೂರೂ ಕಾಯುವುದಿಲ್ಲ.
ಹಾಕಿದ್ದೆಲ್ಲ ಎಲ್ಲಿಗೆ ಹೋಯಿತು ಅಂತ
ಮೊದಮೊದಲು ನಾನೂ ಮಾಲೀಕರ ಹಾಗೆ ಲೆಕ್ಕ ಕೇಳುತ್ತಿದ್ದೆ.
ಒಂದು ದಿನ ಪೈಪಿನ ಕೀಲು ಸೀಳಿ
ಆವಿ ನುಗ್ಗಿ ಬಂದು ಮುಂಗೈ ಮೇಲೆ ನೀರಾಯಿತು.
ಬಿಸಿನೀರು ಸುಡುವುದು ಗೊತ್ತು, ಎರಡು ದಿನದ ಉರಿ.
ಇದು ಹಾಗಲ್ಲ.
ಗುಟ್ಟಾಗಿ ಹೊತ್ತುಕೊಂಡಿದ್ದ ಸೌದೆಯನ್ನೆಲ್ಲ
ನೀರಾಗುವ ಆ ಒಂದೇ ಗಳಿಗೆಯಲ್ಲಿ
ನನ್ನ ಚರ್ಮದ ಮೇಲೆ ಇಳಿಸಿಬಿಟ್ಟಿತು.
ಲೆಕ್ಕ ಸಿಕ್ಕಿತು. ಕಲೆ ಈಗಲೂ ಇದೆ.

ಗೂಡು ಬೇಯುತ್ತವೆ. ಹುಳದ ವಾಸನೆ
(ಹೊಸಬರು ಮೂಗು ಮುಚ್ಚುತ್ತಾರೆ, ನಮಗದು ಬರೀ ಸೋಮವಾರ)
ಆವಿಯ ಬೆನ್ನೇರಿ ಸೂರಿಗೆ ಹೋಗುತ್ತದೆ.
ಹೊರಗಡೆ, ತಗಡಿನ ಮೇಲೆ
ರಾತ್ರಿಯ ಚಳಿ ಇನ್ನೂ ಕುಕ್ಕರುಗಾಲಲ್ಲಿ ಕೂತಿದೆ.
ಒಳಗೆ ಮೊದಲು ಬರೀ ಮಸುಕು,
ಆಮೇಲೆ ರಾಗಿ, ಆಮೇಲೆ ಹುರುಳಿ,
ಪಕ್ಕದ ಕಾಳನ್ನು ನುಂಗಿ ದಪ್ಪಗಾಗಿ
ತನ್ನ ಭಾರ ತನಗೇ ತಾಳದಾದಾಗ ಒಂದು ಹನಿ
ಗುರಿಯಿಟ್ಟವರ ಹಾಗೆ ಖಾಸಿಂಬಿಯ ಕುತ್ತಿಗೆಗೆ.
ತಣ್ಣಗೆ!
ತಲೆಯೆತ್ತದೆ ಅವಳು ತಗಡನ್ನು ಉರ್ದುವಿನಲ್ಲಿ ಬೈಯುತ್ತಾಳೆ.
ಎಳೆ ಮಾತ್ರ ಕಡಿಯುವುದಿಲ್ಲ.

ಹತ್ತನೇ ತಾರೀಖು. ನ್ಯಾಯಬೆಲೆ ಅಂಗಡಿಯ ಸಾಲು,
ಅವಳ ಹಿಂದೆ ನಾನು.
ಯಂತ್ರ ಹೆಬ್ಬೆರಳು ಒಲ್ಲೆ ಅಂತು.
ತೋರುಬೆರಳನ್ನೂ.
ಇಪ್ಪತ್ತೈದು ವರ್ಷ ಗೂಡಿನ ಎಳೆ ಬಿಚ್ಚುತ್ತ ಬಿಚ್ಚುತ್ತ
ಬೆರಳು ತನ್ನ ಎಳೆಗಳನ್ನೂ ಬಿಚ್ಚಿ ಕೊಟ್ಟುಬಿಟ್ಟಿದೆ,
ಸುತ್ತು ಸುತ್ತಾಗಿ, ಯಾವ ರಾಟೆಗೋ.
"ಸರ್ವರ್ ಸರಿಯಿದೆಯಮ್ಮ, ನಿನ್ನ ಬೆರಳೇ ಇಲ್ಲ,"
ಅಂದ ತೂಕದ ಹುಡುಗ ಚೌಡೇಶ.
"ಗಾಜಿಗೆ ಉಸಿರು ಬಿಡು. ಒಂದೊಂದು ಸಲ ತಗೊಳ್ಳುತ್ತೆ."

ಖಾಸಿಂಬಿ ಬಗ್ಗಿದಳು. ಹಾ ಅಂದಳು.
ಗಾಜಿನ ಮೇಲೆ ಒಂದು ಮೋಡ,
ನಮ್ಮ ತಗಡಿನದೇ ಮೋಡ, ಕಾಸಗಲ.
ಒತ್ತಿದಳು. ಕೆಂಪು.
ಮತ್ತೆ ಹಾ. ಕೆಂಪು.
ಮೂರನೆಯದಕ್ಕೆ ಸಾಲಿನಲ್ಲಿ ಯಾರೂ ಕೆಮ್ಮಲಿಲ್ಲ.
ಕೆಂಪು.

"ಮಗಳನ್ನು ಕಳಿಸು," ಅಂದ.
ಶಾಹೀನ್‌ತಾಜಳ ಬೆರಳು ಇನ್ನೂ ಹೊಸದು,
ನಾಳೆ ಸ್ಕೂಲು ತಪ್ಪಿಸಬೇಕು.
ಖಾಸಿಂಬಿ ಸೆರಗಿನ ತುದಿಯಿಂದ ಗಾಜು ಒರೆಸಿದಳು,
ಹಿಂದಿನವರಿಗೆ ಅಂತ,
ಪೂರ್ತಿ ಒಣಗುವ ಮೊದಲೇ ನಾನು ಹೆಬ್ಬೆಟ್ಟು ಇಟ್ಟೆ.
ಹಸಿರು.
ಅಕ್ಕಿ ಚೀಲಕ್ಕೆ ಸುರಿಯಿತು.
ಅವಳ ಕಡೆ ನೋಡಲಾಗಲಿಲ್ಲ.

ಬೆಳಿಗ್ಗೆ ಮತ್ತೆ ಆರೂವರೆ.
ಬೆರಳು ನೀರಿನಲ್ಲಿದೆ.
ನಾನು ವಾಲ್ವಿನ ಮೇಲೆ ಕೈಯಿಟ್ಟು ನಿಂತಿದ್ದೇನೆ.
ಅವಳಿನ್ನೂ ಏನೂ ಅಂದಿಲ್ಲ.